ಕಾನೂನು ಕಾಲೇಜೋ, ಎಂಬಿಎಯೋ: ಕೊಡಗಿನ ವಿದ್ಯಾರ್ಥಿಗಳು ತೀರ್ಮಾನಕ್ಕೆ ಬರುವ ಬಗೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆಯ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಎಂಜಿನಿಯರಿಂಗೂ ವೈದ್ಯಕೀಯವೂ ಬೇಡವೆಂದು ಮೊದಲೇ ತೀರ್ಮಾನಿಸಿದ ಮಕ್ಕಳ ಮುಂದೆ ಕಾನೂನು ಮತ್ತು ಬಿಸಿನೆಸ್ ಮ್ಯಾನೇಜ್‌ಮೆಂಟ್ ಎಂಬ ಎರಡು ದಾರಿಗಳಿರುತ್ತವೆ. ಮನೆಯವರು ಪದವಿಯ ಗೌರವದ ಬಗ್ಗೆ ಮಾತನಾಡುತ್ತಾರೆ, ಮಕ್ಕಳು ಸಂಬಳದ ಬಗ್ಗೆ ಮಾತನಾಡುತ್ತಾರೆ. ಪದವಿ ಮುಗಿದ ಮೇಲಿನ ಮೊದಲ ನಾಲ್ಕೈದು ವರ್ಷ ಹೇಗೆ, ಎಲ್ಲಿ, ಯಾರ ಹಣದಲ್ಲಿ ಸಾಗುತ್ತದೆ ಎಂಬುದನ್ನು ಬಹಳ ಮನೆಗಳಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ತೀರ್ಮಾನ ನಿಂತಿರುವುದು ಬಹುಪಾಲು ಆ ಲೆಕ್ಕದ ಮೇಲೆಯೇ. ಕೆಳಗಿನ ಹಂತಗಳನ್ನು ಆ ಲೆಕ್ಕಕ್ಕೆ ಅನುಕೂಲವಾಗುವ ಕ್ರಮದಲ್ಲಿ ಜೋಡಿಸಿದ್ದೇನೆ.

ಹಂತ 1: ಕೆಲಸವನ್ನು ಕಣ್ಣಾರೆ ನೋಡಿ

ಅರ್ಜಿ ತುಂಬುವ ಮೊದಲು ಒಂದು ವಾರವನ್ನು ಇದಕ್ಕಾಗಿಯೇ ಮೀಸಲಿಡಿ. ಎರಡು ದಿನ ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲಿಯೋ ನಿಮಗೆ ಹತ್ತಿರದ ತಾಲ್ಲೂಕು ನ್ಯಾಯಾಲಯದಲ್ಲಿಯೋ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ. ಸಿನಿಮಾದಲ್ಲಿ ಕಾಣುವ ವಾಗ್ವಾದ ಅಲ್ಲಿ ವಿರಳವಾಗಿಯೇ ಕಾಣಸಿಗುತ್ತದೆ. ಪ್ರಕರಣದ ಸಂಖ್ಯೆ ಕೂಗುವುದು, ವಾಯಿದೆ ಕೇಳುವುದು, ಸಾಕ್ಷಿ ಬಾರದ್ದರಿಂದ ಮುಂದಿನ ತಾರೀಖು ಪಡೆಯುವುದು, ಮಧ್ಯಾಹ್ನದವರೆಗೆ ಕಾದು ಕುಳಿತ ಕಕ್ಷಿದಾರರಿಗೆ ಇಂದೂ ಆಗಲಿಲ್ಲವೆಂದು ವಿವರಿಸುವುದು, ಇವೇ ದಿನದ ಹೆಚ್ಚಿನ ಭಾಗವನ್ನು ನುಂಗುತ್ತವೆ. ಸಂಜೆ ಕಚೇರಿಗೆ ಮರಳಿದ ಮೇಲೆ ವಾದಪತ್ರ ಬರೆಯುವುದು ಮತ್ತು ಹಳೆಯ ದಸ್ತಾವೇಜು ಓದುವುದು ಆರಂಭವಾಗುತ್ತದೆ. ಕೊಡಗಿನಲ್ಲಿ ಈ ಓದಿಗೆ ಪ್ರತ್ಯೇಕ ಸ್ವರೂಪವೇ ಇದೆ: ಜಮ್ಮಾ, ಬಾಣೆ, ಸಾಗು, ಪೈಸಾರಿ ಎಂಬ ಭೂಮಿಯ ವರ್ಗಗಳು, ಒಂದೇ ಪಹಣಿಯಲ್ಲಿ ಪಟ್ಟೆದಾರರ ಹೆಸರಿನೊಂದಿಗೆ ಸಾಲಾಗಿ ನಿಂತಿರುವ ಒಕ್ಕದ (ಕೊಡವರ ಮನೆತನದ) ಹತ್ತಾರು ಹೆಸರುಗಳು, 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್‌ನ ಕಾಲದಿಂದ ಬಂದ ಹಕ್ಕುಗಳು. ಇದನ್ನು ಬಿಡಿಸುವುದು ಒಗಟಿನಂತೆ ಆಸಕ್ತಿ ಹುಟ್ಟಿಸಿದರೆ ನಿಮ್ಮಲ್ಲಿ ವಕೀಲರ ಸ್ವಭಾವವಿದೆಯೆಂದು ಹೇಳಬಹುದು. ಹತ್ತು ನಿಮಿಷಕ್ಕೇ ಆಕಳಿಕೆ ಬಂದರೆ ಅದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳಿ.

ಇನ್ನೆರಡು ದಿನ ವ್ಯವಹಾರದ ಕಡೆ ನೋಡಿ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಕ್ಯೂರಿಂಗ್ ಘಟಕಗಳಿವೆ. ಪರಿಚಯದವರ ಮೂಲಕ ಅಂಥ ಒಂದು ಘಟಕದ ಮ್ಯಾನೇಜರ್ ಅಥವಾ ಒಂದು ರೆಸಾರ್ಟಿನ, ಬ್ಯಾಂಕ್ ಶಾಖೆಯ, ಸಹಕಾರ ಸಂಘದ ವ್ಯವಸ್ಥಾಪಕರ ಪಕ್ಕದಲ್ಲಿ ಕುಳಿತು ಅವರ ಒಂದು ದಿನವನ್ನು ಗಮನಿಸಿ. ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಔಟ್‌ಟರ್ನ್, ಅಂದರೆ ಅದರಿಂದ ಎಷ್ಟು ಬೀಜ ಸಿಗುತ್ತದೆಂಬುದನ್ನು ನೋಡಿ ದರ ಕಟ್ಟುವುದು, ಲಾರಿ ಬಾರದಿದ್ದಾಗ ಬೇರೆ ವ್ಯವಸ್ಥೆ ಮಾಡುವುದು, ಕೆಲಸಕ್ಕೆ ಬಾರದವರ ಜಾಗ ತುಂಬುವುದು, ತಿಂಗಳ ಗುರಿ ಮುಟ್ಟದಿದ್ದರೆ ಮೇಲಿನವರಿಗೆ ಉತ್ತರ ಕೊಡುವುದು, ಇವು ಮ್ಯಾನೇಜರರ ದಿನಚರಿ. ವಕೀಲರು ಒಂದು ಕಡತದೊಂದಿಗೆ ಹಲವು ವರ್ಷ ಬದುಕುತ್ತಾರೆ. ಮ್ಯಾನೇಜರರು ಅರೆಬರೆ ಮಾಹಿತಿಯಿಟ್ಟುಕೊಂಡು ಸಂಜೆಯೊಳಗೆ ತೀರ್ಮಾನಿಸಿ, ಮರುದಿನ ಅದರ ಫಲ ಉಣ್ಣುತ್ತಾರೆ. ಯಾವ ಬಗೆಯ ಆಯಾಸವನ್ನು ನೀವು ಸಹಿಸಬಲ್ಲಿರಿ ಎಂಬುದು ಈ ನಾಲ್ಕು ದಿನಗಳಲ್ಲಿ ತಕ್ಕಮಟ್ಟಿಗೆ ತಿಳಿಯುತ್ತದೆ.

ಹಂತ 2: ಮೂವತ್ತನೆಯ ವಯಸ್ಸಿನಲ್ಲಿ ಎಲ್ಲಿರಬೇಕೆಂದು ಬರೆಯಿರಿ

ಕೊಡಗಿನ ಮಕ್ಕಳು ತಪ್ಪಿಸಲಾಗದ ಪ್ರಶ್ನೆ ಇದು. ಜಿಲ್ಲೆಯೊಳಗೇ ನೆಲೆಸಿ ಓದಿಗೆ ತಕ್ಕ ವೃತ್ತಿ ನಡೆಸಬೇಕೆಂದರೆ ಕಾನೂನಿಗೆ ಇಲ್ಲಿ ಗಟ್ಟಿ ನೆಲವಿದೆ. ಭೂಮಿ, ಪಾಲು, ಕಂದಾಯ ದಾಖಲೆ, ಬ್ಯಾಂಕ್ ಸಾಲ, ಮೋಟಾರು ಅಪಘಾತ ಪರಿಹಾರ, ಕ್ರಿಮಿನಲ್ ಪ್ರಕರಣ ಇವು ಯಾವ ಕಾಲಕ್ಕೂ ಇರುವಂಥವು. ಎಂಬಿಎ ಪದವಿಗೆ ತಕ್ಕ ಸಂಬಳ ಕೊಡಬಲ್ಲ ಸಂಸ್ಥೆಗಳು ಜಿಲ್ಲೆಯಲ್ಲಿ ಕಡಿಮೆ: ದೊಡ್ಡ ಪ್ಲಾಂಟೇಷನ್ ಕಂಪನಿಗಳು, ಬ್ಯಾಂಕುಗಳು, ಕೆಲವು ಐಷಾರಾಮಿ ರೆಸಾರ್ಟುಗಳು, ಅಷ್ಟೇ. ಉಳಿದದ್ದೆಲ್ಲ ಬೆಂಗಳೂರು, ಮುಂಬೈ, ಗುರುಗ್ರಾಮದಲ್ಲಿದೆ. ಊರಿಗೆ ಮರಳುವ ಎಂಬಿಎ ಪದವೀಧರರಲ್ಲಿ ಹೆಚ್ಚಿನವರು ಮರಳುವುದು ಸ್ವಂತ ತೋಟಕ್ಕೆ, ಸ್ವಂತ ಉದ್ಯಮಕ್ಕೆ.

ಕಾನೂನು ಓದಿದವರೆಲ್ಲ ಊರಿನಲ್ಲಿಯೇ ಉಳಿಯುತ್ತಾರೆಂದು ಇದರ ಅರ್ಥವಲ್ಲ. ಕೊಡಗು ಮೂಲದ ಎ.ಎಸ್. ಬೋಪಣ್ಣ ಅವರು ಬೆಂಗಳೂರಿನಲ್ಲಿ ವಕೀಲಿ ನಡೆಸಿ, ಹೈಕೋರ್ಟಿನ ಮೂಲಕ ಸಾಗಿ 2019ರಿಂದ 2024ರವರೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿದ್ದರು. ಆದರೆ ವಕೀಲರಿಗೆ ಊರು ಬದಲಿಸುವುದು ದುಬಾರಿಯ ವಿಷಯ. ಕಕ್ಷಿದಾರರ ನಂಬಿಕೆ, ನ್ಯಾಯಾಲಯದ ಸಿಬ್ಬಂದಿಯ ಪರಿಚಯ, ಸೀನಿಯರ್‌ಗಳ ಒಡನಾಟ ಇವು ಒಂದೂರಿನಲ್ಲಿ ನಿಧಾನವಾಗಿ ಕೂಡಿಬರುವ ಆಸ್ತಿ, ಅದನ್ನು ಗಂಟುಕಟ್ಟಿ ಮತ್ತೊಂದೂರಿಗೆ ಒಯ್ಯಲಾಗದು. ಮ್ಯಾನೇಜರರು ಕಂಪನಿ ಬದಲಿಸಿದಾಗ ಸಂಬಳ ಏರುವುದೇ ಹೆಚ್ಚು.

ಹಂತ 3: ವರ್ಷಗಳನ್ನೂ ಹಣವನ್ನೂ ಒಟ್ಟಿಗೆ ಲೆಕ್ಕ ಹಾಕಿ

ಪಿಯುಸಿ ನಂತರದ ಸಂಯುಕ್ತ ಕಾನೂನು ಪದವಿಗೆ (ಬಿಎ ಎಲ್ಎಲ್‌ಬಿ, ಬಿಬಿಎ ಎಲ್ಎಲ್‌ಬಿ, ಬಿಕಾಂ ಎಲ್ಎಲ್‌ಬಿ) ಐದು ವರ್ಷ ಬೇಕು. ಮೂರು ವರ್ಷದ ಬಿಕಾಂ ಅಥವಾ ಬಿಬಿಎ ಮುಗಿಸಿ ಎರಡು ವರ್ಷದ ಎಂಬಿಎ ಮಾಡಿದರೂ ಐದೇ ವರ್ಷ. ಕಾಗದದ ಮೇಲೆ ಎರಡೂ ಸಮ. ವ್ಯತ್ಯಾಸವಿರುವುದು ನಡುದಾರಿಯಲ್ಲಿ. ಬಿಕಾಂ ಮುಗಿಸಿದವರ ಕೈಯಲ್ಲಿ ಒಂದು ಪದವಿ ಇರುತ್ತದೆ, ಅವರು ಮನಸ್ಸು ಬದಲಿಸಿ ಬ್ಯಾಂಕ್ ಪರೀಕ್ಷೆ ಬರೆಯಬಹುದು, ಕೆಲಸಕ್ಕೆ ಸೇರಬಹುದು, ಮೂರು ವರ್ಷದ ಎಲ್ಎಲ್‌ಬಿಗೂ ಹೋಗಬಹುದು. ಐದು ವರ್ಷದ ಕಾನೂನು ಕೋರ್ಸಿನಲ್ಲಿ ಅಂಥ ನಿಲ್ದಾಣವಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ನಡುವೆ ಸೇರುವುದಕ್ಕೂ ನಡುವೆ ಬಿಟ್ಟು ಪದವಿ ಪಡೆಯುವುದಕ್ಕೂ ಅವಕಾಶ ಕೊಡುವುದಿಲ್ಲ. ಆದ್ದರಿಂದ ಹದಿನೆಂಟನೆಯ ವಯಸ್ಸಿನಲ್ಲಿ ಮನಸ್ಸು ಗಟ್ಟಿಯಾಗಿಲ್ಲದವರಿಗೆ ಮೊದಲು ಸಾಮಾನ್ಯ ಪದವಿ ಮಾಡಿ, ಆ ಬಳಿಕ ಕವಲು ಆರಿಸಿಕೊಳ್ಳಲು ನಾನು ಹೇಳುತ್ತೇನೆ. ಕಾನೂನಿನ ಕಡೆ ಹೋದರೆ ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ನಿಜ. ತಪ್ಪಾಗಿ ಆರಿಸಿದ ಐದು ವರ್ಷಗಳ ಮುಂದೆ ಆ ಒಂದು ವರ್ಷ ದೊಡ್ಡದಲ್ಲ.

ಇನ್ನು ಓದು ಮುಗಿದ ಮೇಲಿನ ಅವಧಿ. ಕಾನೂನು ಪದವಿ ಪಡೆದವರು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನೋಂದಣಿ ಶುಲ್ಕದ ಬಗ್ಗೆ ಹೆದರಬೇಕಾಗಿಲ್ಲ: 1961ರ ವಕೀಲರ ಕಾಯ್ದೆ ನಿಗದಿಪಡಿಸಿದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಇದಕ್ಕಿಂತ ಹೆಚ್ಚು ವಸೂಲಿ ಮಾಡಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ತೀರ್ಪು ನೀಡಿದೆ. ಕಷ್ಟ ಆರಂಭವಾಗುವುದು ಸೀನಿಯರ್ ಕಚೇರಿಗೆ ಸೇರಿದ ಮೇಲೆ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಸ್ಟೈಪೆಂಡ್ ಕೊಡುವಂತೆ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಕೊಡಲೇಬೇಕೆಂಬ ಕಟ್ಟಳೆಯಲ್ಲ. ಬಸ್ ಖರ್ಚು ಮತ್ತು ಊಟಕ್ಕಷ್ಟೇ ಸಾಲುವ ಹಣದಲ್ಲಿ ಎರಡು ಮೂರು ವರ್ಷ ಕಳೆಯುವುದು ಜಿಲ್ಲಾ ಮಟ್ಟದಲ್ಲಿ ಇಂದಿಗೂ ಸಾಮಾನ್ಯ.

ನ್ಯಾಯಾಧೀಶರಾಗುವ ಆಸೆಯಿಂದ ಕಾನೂನು ಸೇರುವವರು ಇನ್ನೊಂದನ್ನು ತಿಳಿದಿರಬೇಕು. ಪದವಿ ಮುಗಿಸಿದ ಕೂಡಲೇ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ಅವಕಾಶ ಈಗ ಇಲ್ಲ. ಕನಿಷ್ಠ ಮೂರು ವರ್ಷ ವಕೀಲರಾಗಿ ಕೆಲಸ ಮಾಡಿರಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮರಳಿ ಜಾರಿಗೆ ತಂದಿತು, ಆ ಅವಧಿಯನ್ನು ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸಲಾಗುತ್ತದೆ. ಹಾಗಾದರೆ ಪಿಯುಸಿ ಮುಗಿದ ಮೇಲೆ ಐದು ವರ್ಷ ಓದು, ಮೂರು ವರ್ಷ ವೃತ್ತಿ, ಆಮೇಲೆ ನೇಮಕಾತಿಯ ಕಾಯುವಿಕೆ. ಈ ಎಂಟು ವರ್ಷ ಮನೆಯಿಂದ ಬೆಂಬಲ ದೊರೆಯುವುದೇ ಎಂದು ತಂದೆತಾಯಿಯ ಬಳಿ ನೇರವಾಗಿ ಕೇಳಿ. ಕಾಫಿ ಬೆಲೆ ಚೆನ್ನಾಗಿರುವ ವರ್ಷ ಕೊಟ್ಟ ಭರವಸೆಯನ್ನು ಬೆಲೆ ಬಿದ್ದ ವರ್ಷದ ಲೆಕ್ಕದಲ್ಲಿ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಎಂಬಿಎಯಲ್ಲಿ ಹಣದ ಲೆಕ್ಕ ತಲೆಕೆಳಗು. ಸಂಪಾದನೆ ಬೇಗ ಆರಂಭವಾಗುತ್ತದೆ, ಆದರೆ ಖರ್ಚು ಮೊದಲೇ ಬೀಳುತ್ತದೆ. ಬೆಂಗಳೂರಿನ ಐಐಎಂನಲ್ಲಿ ಎರಡು ವರ್ಷದ ಶುಲ್ಕವೇ ಇಪ್ಪತ್ತು ಲಕ್ಷ ದಾಟುತ್ತದೆ. 20 ಲಕ್ಷ ಸಾಲವನ್ನು ಶೇಕಡಾ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 26,400 ರೂಪಾಯಿ ಆಗುತ್ತದೆ, ಓದುವ ಅವಧಿಯ ಬಡ್ಡಿ ಬೇರೆ. ಉನ್ನತ ಸಂಸ್ಥೆಯಿಂದ ಹೊರಬಂದವರಿಗೆ ಇದು ಹೊರೆಯಲ್ಲ. ಹೆಸರಿಲ್ಲದ ಕಾಲೇಜಿಗೆ ಹತ್ತು ಲಕ್ಷ ಸುರಿದವರಿಗೆ 13,200 ರೂಪಾಯಿಯ ಕಂತೂ ಉಸಿರು ಕಟ್ಟಿಸುತ್ತದೆ.

ಸಾಲದ ಬಗ್ಗೆ ಕೊಡಗಿಗೇ ಸೇರಿದ ಒಂದು ತೊಡಕು ಇದೆ. ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ತೋಟವಿದೆಯಲ್ಲ ಎಂದು ನಿಶ್ಚಿಂತರಾಗಿರಬೇಡಿ. ಪಹಣಿಯಲ್ಲಿ ಒಕ್ಕದ ಅನೇಕರ ಹೆಸರಿದ್ದರೆ, ಅವರಲ್ಲಿ ಕೆಲವರು ತೀರಿಕೊಂಡು ವಾರಸುದಾರರು ಊರೂರು ಹಂಚಿಹೋಗಿದ್ದರೆ, ಬ್ಯಾಂಕಿನ ವಕೀಲರು ಆ ಕಾಗದವನ್ನು ಒಪ್ಪುವುದು ಕಷ್ಟ. ಪ್ರವೇಶ ಪತ್ರ ಕೈಗೆ ಬಂದ ಮೇಲೆ ದಾಖಲೆ ಸರಿಪಡಿಸಲು ಹೊರಟರೆ ಶುಲ್ಕ ಕಟ್ಟುವ ದಿನಾಂಕ ಕಳೆದಿರುತ್ತದೆ. ಒಂದು ವರ್ಷ ಮುಂಚಿತವಾಗಿಯೇ ಬ್ಯಾಂಕಿಗೆ ಹೋಗಿ ಯಾವ ಕಾಗದ ನಡೆಯುತ್ತದೆಂದು ವಿಚಾರಿಸಿ. ಉನ್ನತ ಶ್ರೇಯಾಂಕದ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವಿಲ್ಲದೆ ಸಾಲ ಕೊಡುವ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ.

ಹಂತ 4: ಮನೆಯ ವ್ಯವಹಾರ ನಡೆಸುವ ಯೋಚನೆಯಿದ್ದರೆ ವಕೀಲರ ನಿಯಮ ಓದಿ

ಹಗಲು ಕೋರ್ಟು, ಸಂಜೆ ಹೋಂಸ್ಟೇ, ಭಾನುವಾರ ಕಾಫಿಪುಡಿ ವ್ಯಾಪಾರ ಎಂದು ಕನಸು ಕಾಣುವ ಯುವಕ ಯುವತಿಯರು ಕೊಡಗಿನಲ್ಲಿ ಅನೇಕರಿದ್ದಾರೆ. ನೋಂದಾಯಿತ ವಕೀಲರು ಸ್ವತಃ ವ್ಯಾಪಾರ ವ್ಯವಹಾರದಲ್ಲಿ ತೊಡಗಬಾರದೆಂದು ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಹಣ ಹೂಡಿ ದೈನಂದಿನ ಕೆಲಸದಲ್ಲಿ ಕೈಹಾಕದ ಪಾಲುದಾರರಾಗಬಹುದು, ಆ ವ್ಯವಹಾರವು ವೃತ್ತಿಯ ಘನತೆಗೆ ಕುಂದು ತರುವಂಥದ್ದಾಗಿರಬಾರದು. ಪಿತ್ರಾರ್ಜಿತವಾಗಿ ಬಂದ ಕುಟುಂಬದ ವ್ಯವಹಾರವನ್ನು ಮುಂದುವರಿಸಬಹುದು, ಆದರೆ ಅದರ ಆಡಳಿತದಲ್ಲಿ ಸ್ವತಃ ಭಾಗವಹಿಸುವಂತಿಲ್ಲ. ವಕೀಲಿ ಮಾಡುತ್ತಲೇ ಬೇರೆ ಕಡೆ ಪೂರ್ಣಾವಧಿ ಸಂಬಳದ ಕೆಲಸಕ್ಕೂ ಸೇರುವಂತಿಲ್ಲ. ತಮ್ಮ ವೃತ್ತಿಗೆ ಜಾಹೀರಾತು ಕೊಡುವುದಕ್ಕೂ ನಿರ್ಬಂಧವಿದೆ.

ಮನೆಯಲ್ಲಿ ಒಬ್ಬನೇ ಮಗ ಅಥವಾ ಒಬ್ಬಳೇ ಮಗಳಿದ್ದು, ಹೋಂಸ್ಟೇಯನ್ನೋ ಮಸಾಲೆ ಅಂಗಡಿಯನ್ನೋ ಮುಂದೆ ಅವರೇ ನಡೆಸಬೇಕಾಗಿದ್ದರೆ, ಈ ನಿಯಮವೊಂದೇ ತಕ್ಕಡಿಯನ್ನು ಎಂಬಿಎ ಕಡೆಗೆ ವಾಲಿಸಲು ಸಾಕು. ಕಾನೂನಿನ ಜ್ಞಾನವಷ್ಟೇ ಬೇಕು, ಕೋರ್ಟಿನ ವೃತ್ತಿ ಬೇಡ ಎನ್ನುವವರು ಪದವಿ ಪಡೆದು ನೋಂದಣಿ ಮಾಡಿಸದೇ ಇರಬಹುದು. ಅವರಿಗೆ ಈ ನಿರ್ಬಂಧಗಳು ಅನ್ವಯಿಸುವುದಿಲ್ಲ.

ಹಂತ 5: ಕಾಲೇಜಿನ ಹೆಸರು ಎಷ್ಟು ತೂಗುತ್ತದೆಂದು ತಿಳಿಯಿರಿ

ಎರಡೂ ದಾರಿಗಳ ನಡುವೆ ಇರುವ ಅತಿ ದೊಡ್ಡ ವ್ಯತ್ಯಾಸ ಇದೇ ಎಂದು ನನಗೆ ತೋರುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿ ವಕೀಲರಾಗಲು ಹೊರಟವರು ಎಲ್ಲಿ ಓದಿದರೆಂದು ಐದು ವರ್ಷದ ನಂತರ ಯಾರೂ ಕೇಳುವುದಿಲ್ಲ. ಸುಳ್ಯದ ಕೆವಿಜಿ, ಪುತ್ತೂರಿನ ವಿವೇಕಾನಂದ, ಮಂಗಳೂರಿನ ಎಸ್‌ಡಿಎಂ, ಮೈಸೂರಿನ ಜೆಎಸ್ಎಸ್, ವಿದ್ಯಾವರ್ಧಕ ಕಾನೂನು ಕಾಲೇಜುಗಳು ಕೊಡಗಿನವರಿಗೆ ಕೈಗೆಟುಕುವ ದೂರದಲ್ಲಿವೆ, ಶುಲ್ಕವೂ ರಾಷ್ಟ್ರೀಯ ಕಾನೂನು ಶಾಲೆಗಳಿಗಿಂತ ಬಹಳ ಕಡಿಮೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಬರೆಯಬಹುದು. ಅಧೀನ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ, ಹೈಕೋರ್ಟಿಗೆ ಮಾತ್ರ ಇಂಗ್ಲಿಷ್ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಿ ಕಾನೂನನ್ನು ಕೈಬಿಡುವ ಅಗತ್ಯವಿಲ್ಲ.

ಕಾರ್ಪೊರೇಟ್ ಕಾನೂನು ಸಂಸ್ಥೆಗಳಲ್ಲಿ ದೊಡ್ಡ ಸಂಬಳ ಬೇಕೆನ್ನುವವರ ಮಾತು ಬೇರೆ. ಅವರು ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬರೆದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ಕಡೆ ಸೀಟು ಪಡೆಯಲು ಯತ್ನಿಸಬೇಕು. ಅಲ್ಲಿ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇಕಡಾ 25ರಷ್ಟು ಸ್ಥಾನಗಳ ಮೀಸಲಾತಿ ಇದೆ. ಪದವೀಧರರಿಗಾಗಿ ಅದೇ ಸಂಸ್ಥೆ 2022ರಲ್ಲಿ ಮೂರು ವರ್ಷದ ಎಲ್ಎಲ್‌ಬಿಯನ್ನೂ ಆರಂಭಿಸಿದೆ.

ಎಂಬಿಎಯಲ್ಲಿ ಕಾಲೇಜಿನ ಹೆಸರೇ ಪದವಿಯ ಅರ್ಧ ಬೆಲೆ. ಕ್ಯಾಂಪಸ್ಸಿಗೆ ಯಾವ ಕಂಪನಿಗಳು ಬರುತ್ತವೆ ಎಂಬುದರ ಮೇಲೆ ಮೊದಲ ಕೆಲಸ ನಿರ್ಧಾರವಾಗುತ್ತದೆ, ಮೊದಲ ಕೆಲಸದ ಮೇಲೆ ಎರಡನೆಯದು. ಆದ್ದರಿಂದ ಒಂದು ಕಠಿಣ ಮಾತು ಹೇಳಬೇಕಾಗಿದೆ: ಒಳ್ಳೆಯ ಸಂಸ್ಥೆಯಲ್ಲಿ ಸೀಟು ಸಿಗದಿದ್ದರೆ ಆ ವರ್ಷ ಎಂಬಿಎಗೆ ಸೇರದಿರುವುದೇ ಮೇಲು. ಎರಡು ವರ್ಷ ಕೆಲಸ ಮಾಡಿ ಮತ್ತೆ ಪ್ರಯತ್ನಿಸಿ. ಐಐಎಂಗಳ ಆಯ್ಕೆಯಲ್ಲಿ ಅನುಭವಕ್ಕೂ ಅಂಕವಿದೆ, ತರಗತಿಯ ಪಾಠವೂ ಆಗ ಹೆಚ್ಚು ಅರ್ಥವಾಗುತ್ತದೆ. ಸರ್ಕಾರಿ ಕೋಟಾದ ಕಡಿಮೆ ಶುಲ್ಕದ ಸೀಟು ಸ್ನಾತಕೋತ್ತರ ಕೋರ್ಸುಗಳಿಗೆ ರಾಜ್ಯ ನಡೆಸುವ ಪಿಜಿಸಿಇಟಿ ಪರೀಕ್ಷೆಯ ಮೂಲಕ ದೊರೆತರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಅಲ್ಲಿ ಕಳೆದುಕೊಳ್ಳುವ ಹಣ ಅಲ್ಪ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಹಣ ಕೊಡುವ ಮೊದಲು ಹಿಂದಿನ ವರ್ಷ ತೇರ್ಗಡೆಯಾದ ಐದು ಮಂದಿಯನ್ನು ಕಾಲೇಜಿನ ಮಧ್ಯಸ್ಥಿಕೆಯಿಲ್ಲದೆ ನೀವೇ ಹುಡುಕಿ ಮಾತನಾಡಿಸಿ. ಅತ್ಯಧಿಕ ಪ್ಯಾಕೇಜ್ ಎಷ್ಟೆಂದು ಕೇಳಬೇಡಿ, ಮಧ್ಯದ ಸ್ಥಾನದಲ್ಲಿರುವ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತೆಂದು ಕೇಳಿ.

ಹಂತ 6: ನಡುವಿನ ದಾರಿಗಳನ್ನೂ ನೋಡಿ

ಎರಡರ ಪೈಕಿ ಒಂದನ್ನೇ ಆರಿಸಬೇಕೆಂಬ ಒತ್ತಡ ಕೆಲವೊಮ್ಮೆ ನಾವೇ ಹೇರಿಕೊಂಡದ್ದು. ತೋಟದ ಕಡೆ ಒಲವಿರುವವರಿಗೆ ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಭಾರತೀಯ ಪ್ಲಾಂಟೇಷನ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ರುಚಿ ಪರೀಕ್ಷೆ ಮತ್ತು ಗುಣಮಟ್ಟದಲ್ಲಿ ಆಸಕ್ತಿಯಿದ್ದರೆ ಕಾಫಿ ಮಂಡಳಿಯ ಕಾಫಿ ಗುಣಮಟ್ಟ ನಿರ್ವಹಣೆಯ ಡಿಪ್ಲೊಮಾ ಇದೆ. ಕಂಪನಿ ಕಾನೂನು ಇಷ್ಟ, ಕೋರ್ಟು ಬೇಡ ಎನ್ನುವವರು ಬಿಕಾಂ ಜೊತೆಗೆ ಕಂಪನಿ ಸೆಕ್ರೆಟರಿ ಕೋರ್ಸನ್ನು ಪರಿಶೀಲಿಸಲಿ.

ಎರಡೂ ವಿದ್ಯೆ ಕೂಡಿ ಬೇಕಾಗುವ ಕೆಲಸ ಕೊಡಗಿನ ಬಾಗಿಲಿಗೇ ಬಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಬಿಡುವುದಿಲ್ಲವೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಅದರ ಜಾರಿ ಮುಂದೂಡಲ್ಪಟ್ಟಿದ್ದರೂ, ತೋಟದ ನಿಖರ ಸ್ಥಳ ಗುರುತು ಮತ್ತು ಭೂ ದಾಖಲೆ ಜೋಡಿಸಿಕೊಡುವವರು ರಫ್ತುದಾರರಿಗೆ ಬೇಕಾಗಿದ್ದಾರೆ. ಪಹಣಿಯನ್ನೂ ಓದಬಲ್ಲ, ರಫ್ತಿನ ಲೆಕ್ಕವನ್ನೂ ಬಲ್ಲ ವ್ಯಕ್ತಿಗೆ ಇಲ್ಲಿ ಅವಕಾಶವಿದೆ. ಎರಡೂ ಪದವಿ ಬೇಕೆಂದಾದರೆ ಮೊದಲು ಕಾನೂನು, ಕೆಲವು ವರ್ಷದ ಕೆಲಸ, ನಂತರ ಎಂಬಿಎ ಎಂಬ ಕ್ರಮ ಉತ್ತಮ. ಎಲ್ಎಲ್‌ಬಿಯನ್ನು ಅಂಚೆ ಮೂಲಕ ಓದಲಾಗದು, ಶೇಕಡಾ 70ರ ಹಾಜರಾತಿ ಕಡ್ಡಾಯ. ಸಂಸಾರ, ಸಾಲದ ಕಂತು ಹೆಗಲಿಗೇರಿದ ಮೇಲೆ ಮೂರು ವರ್ಷ ತರಗತಿಯಲ್ಲಿ ಕೂರುವುದು ಯಾರಿಗೂ ಸುಲಭವಲ್ಲ.

ಹಂತ 7: ಪರೀಕ್ಷೆಯ ಪಂಚಾಂಗವನ್ನು ತೋಟದ ಪಂಚಾಂಗದೊಂದಿಗೆ ಹೊಂದಿಸಿ

ಕ್ಲ್ಯಾಟ್ ಪರೀಕ್ಷೆ ಎರಡು ಗಂಟೆಯದ್ದು, 120 ಪ್ರಶ್ನೆಗಳು, ಪ್ರತಿ ತಪ್ಪಿಗೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ ಮತ್ತು ಹತ್ತನೇ ತರಗತಿ ಮಟ್ಟದ ಗಣಿತ ಅದರಲ್ಲಿರುತ್ತವೆ. ಎಂಬಿಎ ಪ್ರವೇಶಕ್ಕೆ ಐಐಎಂಗಳು ನಡೆಸುವ ಕ್ಯಾಟ್ ಕೂಡ ಎರಡು ಗಂಟೆಯದ್ದೇ, ತಲಾ 40 ನಿಮಿಷದ ಮೂರು ಭಾಗಗಳಿವೆ, ಗಣಿತ ಮತ್ತು ದತ್ತಾಂಶ ವಿಶ್ಲೇಷಣೆಯ ಭಾರ ಹೆಚ್ಚು. ಎರಡೂ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತವೆ. ಹಳೆಯ ಪ್ರಶ್ನೆಪತ್ರಿಕೆ ಒಂದೊಂದನ್ನು ಗಡಿಯಾರವಿಟ್ಟು ಬಿಡಿಸಿ ನೋಡಿದರೆ ನಿಮ್ಮ ಬುದ್ಧಿ ಎತ್ತ ಓಡುತ್ತದೆಂಬ ಸುಳಿವೂ ಸಿಗುತ್ತದೆ.

ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ, ಕ್ಲ್ಯಾಟ್ ಡಿಸೆಂಬರ್ ಮೊದಲ ಭಾನುವಾರ ನಡೆಯುತ್ತದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬೀಳುತ್ತದೆ, ಅರೇಬಿಕಾ ಕೊಯ್ಲಿಗೂ ಅದೇ ಸಮಯ. ಮನೆಯವರೊಂದಿಗೆ ಮೊದಲೇ ಮಾತನಾಡಿ, ಆ ಎರಡು ತಿಂಗಳು ಕಣದ ಕೆಲಸದಿಂದ ಬಿಡುವು ಕೇಳಿಕೊಳ್ಳಿ. ಕ್ಯಾಟ್ ಅರ್ಜಿ ಸಲ್ಲಿಸುವ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಮಳೆ ಬಿರುಸಾಗಿರುತ್ತದೆ, ವಿದ್ಯುತ್ತು ಮತ್ತು ನೆಟ್‌ವರ್ಕ್ ದಿನಗಟ್ಟಲೆ ಇಲ್ಲದಿರುವುದೂ ಉಂಟು. ಅರ್ಜಿಯನ್ನು ಮೊದಲ ವಾರದಲ್ಲಿಯೇ ಮುಗಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮೇ ತಿಂಗಳಲ್ಲಿಯೇ ಮಾಡಿಸಿಟ್ಟುಕೊಳ್ಳಿ. ಪರೀಕ್ಷಾ ಕೇಂದ್ರವಾಗಿ ಮೈಸೂರು ಅಥವಾ ಮಂಗಳೂರನ್ನು ಆರಿಸಿಕೊಂಡವರು ಹಿಂದಿನ ಸಂಜೆಯೇ ಅಲ್ಲಿ ತಲುಪಿರಬೇಕು. ಜಿಲ್ಲೆಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ರಸ್ತೆ. ಬೆಳಗಿನ ಮಂಜಿನಲ್ಲಿ ಮೊದಲ ಬಸ್ಸನ್ನು ನಂಬಿ ಹೊರಡುವುದು ಒಂದು ವರ್ಷದ ಓದನ್ನು ಒಂದು ಪಂಕ್ಚರಿಗೆ ಒಪ್ಪಿಸಿದಂತೆ.

ಹಂತ 8: ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ

ಇಷ್ಟಾದ ಮೇಲೆ ಒಂದು ಹಾಳೆ ತೆಗೆದುಕೊಂಡು ನಾಲ್ಕು ಉತ್ತರಗಳನ್ನು ಬರೆಯಿರಿ: ನೋಡಿದ ಎರಡು ಬಗೆಯ ದಿನಚರಿಗಳಲ್ಲಿ ಯಾವುದು ಸಹ್ಯವೆನಿಸಿತು, ಮೂವತ್ತನೆಯ ವಯಸ್ಸಿನಲ್ಲಿ ಯಾವ ಊರಿನಲ್ಲಿರಬೇಕು, ಸಂಪಾದನೆಯಿಲ್ಲದ ವರ್ಷಗಳ ಖರ್ಚು ಯಾರದು, ಮನೆಯ ವ್ಯವಹಾರದ ಹೊಣೆ ನಿಮ್ಮ ಮೇಲಿದೆಯೇ. ಮೊದಲ ಮೂರು ಉತ್ತರಗಳು ಒಂದೇ ಕಡೆ ಬೊಟ್ಟು ಮಾಡಿದರೆ ಅಲ್ಲಿಗೆ ಹೋಗಿ. ನಾಲ್ಕನೆಯದಕ್ಕೆ ಹೌದೆಂದು ಬರೆದವರು ವಕೀಲಿ ನೋಂದಣಿಯ ಯೋಚನೆಯನ್ನು ಮತ್ತೊಮ್ಮೆ ತೂಗಿ ನೋಡಬೇಕು. ಉತ್ತರಗಳು ಒಂದಕ್ಕೊಂದು ಎದುರಾದರೆ ಬಿಕಾಂಗೆ ಸೇರಿ, ಆ ಹಾಳೆಯನ್ನು ಮಡಿಚಿಟ್ಟು, ಎರಡನೆಯ ವರ್ಷದ ಜೂನ್ ತಿಂಗಳಲ್ಲಿ ತೆರೆದು ಓದಿ. ಕ್ಯಾಟ್‌ಗೆ ಓದಬೇಕೋ ಕಾನೂನು ಪ್ರವೇಶಕ್ಕೆ ಸಿದ್ಧರಾಗಬೇಕೋ ಎಂದು ಹೇಳಲು ಆಗಲೂ ಒಂದು ವರ್ಷದ ಕಾಲಾವಕಾಶ ಉಳಿದಿರುತ್ತದೆ.